ಬರದೈತಿ

ನವಿಲು ಕೂಗಿತು — ಅಲ್ಲ, ಅವ್ವನ ಗಂಟಲು, ಕಫ ಮೇಲೆ ಬರಲಾರದೆ ಒಳಗೇ ಒದ್ದಾಡಿದ್ದು, ಅಲ್ಲ, ನವಿಲೇ, ಕೋಟೆಯ ಕಡೆಯಿಂದ ಇನ್ನೊಂದು ಜವಾಬು ಕೊಟ್ಟಿತಲ್ಲ, ಬಂಕಾಪುರದಲ್ಲೇ ಹುಟ್ಟಿ ಬೆಳೆದವಳಿಗೆ ನವಿಲಿನ ಕೂಗಿಗೂ ಹೆತ್ತವಳ ಗಂಟಲಿಗೂ ಫರಕು ತಿಳಿಯದಷ್ಟು ಕಿವಿ ಮಂಕಾಗಿದೆ, ನಿದ್ದೆಗೆಟ್ಟ ಕಿವಿ, ರಾಜಶ್ರೀ ಸೆರಗಿನ ಚುಂಗಿನಿಂದಲೇ ಅವ್ವನ ಬಾಯಿಯ ಬಲಗಡೆ ಒರೆಸಿದಳು, ಎಲ್ಲ ಸೋರುವುದು ಆ ಕಡೆಯಿಂದಲೇ, ಗಂಜಿ, ನೀರು, ಜೊಲ್ಲು, ಮಾತು ಸೋರಿಹೋದದ್ದೂ ಆ ಕಡೆಯಿಂದಲೇ ಇರಬೇಕು. ಹೆಂಗಸರ ಜೊತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತವಳು ಹಾಗೇ ವಾಲಿದಳಂತೆ, ಚೌಡವ್ವ ಚ್ಯಾಷ್ಟಿ ಮಾಡಾಕತ್ತಾಳ ಅಂತ ನಾವೆಲ್ಲ ನಕ್ಕಿವಿ ಅಕ್ಕಾ ಅಂದಳು ಪಕ್ಕದ ಮನೆಯ ನೇತ್ರಾ, ಅಳುತ್ತಲೇ ಅಂದಳು, ಲಕ್ವಾ ಹೊಡೆದವಳನ್ನು ನೋಡಿ ನಕ್ಕೆವೆಂಬ ಸಂಕಟ ಅವಳಿಗೆ. ಬಲಗೈ ಹೋಯಿತು, ಬಲಗಾಲು ಹೋಯಿತು, ನಾಲಿಗೆ ಹೋಯಿತು. ಮನೀಗೆ ಕರಕೊಂಡು ಹೋಗ್ರಿ, ಉಂಡಷ್ಟು ಉಣಸ್ರಿ, ಮಾತಾಡಸ್ಕೋತ ಇರ್ರಿ, ಆಕಿಗೆ ಎಲ್ಲಾ ಕೇಳಸ್ತೈತಿ ಅಂದರು ಶಿಗ್ಗಾಂವಿಯ ಡಾಕ್ಟರು, ಅಂದರೆ ತಮ್ಮ ಕೈಯಲ್ಲಿ ಇನ್ನೇನೂ ಇಲ್ಲ ಅಂತ ಅರ್ಥ, ಹಾನಗಲ್ಲಿನ ಮನೆಯನ್ನು ಗಂಡನ ಪಾಲಿಗೆ ಬಿಟ್ಟು ಬಂದು ಅಂದಿನಿಂದ ಈ ಮಂಚದ ಪಕ್ಕ ಕೂತಿದ್ದಾಳೆ. ಮಾತಾಡಿಸುತ್ತ ಇರಬೇಕಂತೆ. ಏನು ಮಾತಾಡಿಸಲಿ, ಕೇಳಬೇಕಾದ್ದು ಒಂದೇ ಒಂದು ಇದೆ, ಅದಕ್ಕೆ ಉತ್ತರ ಕೊಡುವ ನಾಲಿಗೆಯೇ ಬಿದ್ದುಹೋಗಿದೆ — ಅವ್ವಾ, ಆ ಮಾತು ದೇವರದೋ, ನಿನ್ನದೋ. ಇವತ್ತು ಪಾಸ್ಟರ್ ಪ್ರಶಾಂತ ಪ್ರಾರ್ಥನೆಗೆ ಬರುತ್ತಾರೆ, ಇನ್ನೇನು ಬರುವ ಹೊತ್ತು, ವಾಕ್ಯ ನೀವ ಓದ್ರಿ ರಾಜಕ್ಕಾ, ತಾಯಿಗೆ ಮಗಳ ದನಿ ಕೇಳಲಿ ಅಂತ ಹೇಳಿ ಕಳಿಸಿದ್ದಾರೆ, ಯಾವ ಕೀರ್ತನೆ ಎಂದೂ ಹೇಳಿದ್ದಾರೆ, ಮೆತ್ತಗಿನ ಮನುಷ್ಯ. ಓದಬೇಕಾದ ಬೈಬಲ್ ಪುಸ್ತಕ ಅವ್ವನ ತಲೆದಿಂಬಿನ ಪಕ್ಕದಲ್ಲೇ ಇದೆ, ಅದರಲ್ಲಿ ಭೂಮಿ ಆಕಾಶ ಎಲ್ಲ ಇದೆ, ರಾಜಶ್ರೀಗೆ ಬೇಕಾದ ಒಂದು ಮಾತು ಮಾತ್ರ ಇಲ್ಲ.

ಉಸಿರಾಡುತ್ತಿದ್ದಾಳೆ. ಒಳಗೆ, ಹೊರಗೆ, ನಡುವೆ ಒಂದು ತಡೆ, ಆ ತಡೆಯಲ್ಲಿ ಮಗಳ ಉಸಿರೂ ನಿಲ್ಲುತ್ತದೆ, ಮತ್ತೆ ಒಳಗೆ. ಎಷ್ಟು ಮಕ್ಕಳಿಗೆ ಉಸಿರು ಕೊಟ್ಟ ಬಾಯಿ ಇದು, ಈ ಊರಿನ ಅರ್ಧ ಓಣಿಗಳ ಮಕ್ಕಳು ಮೊದಲು ಉಂಡದ್ದು ಸೂಲಗಿತ್ತಿ ಚೌಡವ್ವನ ಉಸಿರನ್ನು, ತಾಯಿಯ ಹಾಲು ಆಮೇಲೆ, ಹೆರಿಗೆಯ ಬ್ಯಾನಿ ತಿನ್ನುವಾಗ ಯಾರೂ ಅವಳ ಜಾತಿ ಕೇಳುತ್ತಿರಲಿಲ್ಲ, ಹಡೆದಾದ ಮೇಲೆ ನೆನಪಾಗಿ ಪಡಸಾಲೆ ತೊಳೆಯುತ್ತಿದ್ದರು, ಅವ್ವ ಅದನ್ನು ಹೇಳಿಕೊಂಡು ನಗುತ್ತಿದ್ದಳು, ನೆಲಾ ತೊಳೀತಾರ, ಕೂಸಿನ ಎದ್ಯಾಗಿನ ನನ್ನ ಉಸುರು ಹೆಂಗ ತೊಳೀತಾರಂತ. ಕೂಸು ನೀಲಿ ಆದ್ರ ಹೆದರಬಾರ್ದು, ಬಾಯಿಗೆ ಬಾಯಿ ಹಚ್ಚಿ ಸಣ್ಣಗ ಊದಬೇಕು, ಬೂದ್ಯಾಗಿನ ಕೆಂಡಕ್ಕ ಊದತೀವಲ್ಲ ಹಂಗ, ಜೋರು ಊದಿದ್ರ ಎದಿ ಒಡೀತೈತಿ. ಹಾಗಾಗಿಯೇ ಆ ಭಾನುವಾರ ಅವಳಿಗೆ ಅಷ್ಟು ಸಲೀಸಾಗಿ ತಿಳಿದದ್ದು — ಶಿಗ್ಗಾಂವಿಯ ತಗಡಿನ ಪ್ರಾರ್ಥನಾ ಮಂದಿರ, ಮೇಲೆ ಬಿಸಿಲಿಗೆ ತಗಡು ಚಟಚಟ ಅನ್ನುತ್ತಿದೆ, ಹಿರೇಕೆರೂರಿನಿಂದ ಬರುತ್ತಿದ್ದ ಹಳೆಯ ಪಾಸ್ಟರು, ಈಗಿಲ್ಲ ಅವರು, ಪುಸ್ತಕ ಎತ್ತಿ ಹಿಡಿದು ಹೇಳುತ್ತಿದ್ದಾರೆ, ಇದನ್ನ ಬರದವರು ಮನಶ್ಯಾರ ಹೌದು, ಕುರಿ ಕಾಯೋರು, ಮೀನ ಹಿಡಿಯೋರು, ರಾಜರು, ಒಬ್ಬೊಬ್ಬರದು ಒಂದೊಂದು ಮಾತಿನ ರೀತಿ, ಆದ್ರ ಅವರೊಳಗ ಊದಿದಾಂವ ದೇವರು, ಅದಕ್ಕ ಇದರಾಗ ಇರೋದೆಲ್ಲಾ ದೇವರ ಉಸುರು, ತಿಳೀತಿಲ್ಲೋ. ಎಲ್ಲರೂ ಗೋಣು ಹಾಕಿದರು, ಗೋಣು ಹಾಕುವುದಕ್ಕೆ ತಿಳಿಯಲೇಬೇಕೆಂದೇನೂ ಇಲ್ಲ, ಹಿಂದಿನ ಚಾಪೆಯಿಂದ ಅವ್ವ, ಹಂಗಾರ ದೇವರೂ ಸೂಲಗಿತ್ತಿ ಆದಂಗಾತಲ್ರಿ. ಇಡೀ ಸಭೆ ನಕ್ಕಿತು, ಪಾಸ್ಟರೂ ನಕ್ಕರು, ರಾಜಶ್ರೀಗೆ ನೆಲ ಬಿರಿದರೆ ಇಳಿದುಹೋಗುತ್ತಿದ್ದೆ ಅನ್ನಿಸಿತು, ಅವ್ವ ಮಾತ್ರ ನಗಲಿಲ್ಲ. ಅಂದಿನಿಂದ ಸುರುವಾದದ್ದು ಆ ಬಟ್ಟಿನ ರೂಢಿ. ಓದಲು ಬಾರದವಳು, ಯಾರಾದರೂ ಓದುವಾಗ ಒಂದು ಮಾತು ಎದೆಗೆ ಹತ್ತಿತೆಂದರೆ ಸಾಕು, ಬೆರಳು ಚಾಚುವಳು, ಎಲ್ಲೈತಿ ಅದು, ಬಟ್ಟು ಇಡಸು, ಓದಿದವರು ಅವಳ ತೋರುಬೆರಳು ಹಿಡಿದು ಆ ಸಾಲಿನ ಮೇಲೆ ಇಡಬೇಕು, ಇಟ್ಟ ಮೇಲೆ ಕಣ್ಣು ಮುಚ್ಚಿ ಒತ್ತಿ ಹಿಡಿಯುವಳು, ನಾಡಿ ನೋಡುವವರ ಹಾಗೆ, ಬಿಸಿ ಐತಿ ನೋಡು ಅನ್ನುವಳು. ಹೆರಿಗೆಗೆ ಯಾರೂ ಕರೆಯದ ಕಾಲ ಬಂದು ಮೆಣಸಿನಕಾಯಿಯ ಕೂಲಿಗೆ ಹೋಗತೊಡಗಿದ ಮೇಲೆ ಪುಸ್ತಕದ ತುಂಬ ಕೆಂಪು ಕೆಂಪು ಬೆರಳ ಗುರುತು, ಹಾಳೆ ತಿರುವಿದರೆ ಇವತ್ತಿಗೂ ಸೀನು ಬರುತ್ತದೆ.

ಆ ಬಾಯಿ ತನ್ನ ಮೊಮ್ಮಗನಿಗೂ ಊದಿತ್ತು, ಇದೇ ಕೋಣೆ, ಮಂಚ ಆಗ ಆ ಗೋಡೆಗಿತ್ತು, ಗಾಡಿ ಬರುವುದರೊಳಗೆ ಕೂಸೇ ಬಂತು, ಅಳಲಿಲ್ಲ, ನೀಲಿ, ರಾಜಶ್ರೀ ಮೊಣಕೈ ಊರಿ ತಲೆ ಎತ್ತಿದಾಗ ಕಂಡದ್ದು ಅವ್ವನ ಬೆನ್ನು, ಬಾಗಿದ ಬೆನ್ನು, ಊದುತ್ತಿರುವ ಬೆನ್ನು, ಯಾಕ ಅಳವಲ್ದು, ಅವ್ವಾ ಯಾಕ ಅಳವಲ್ದು — ಆಮೇಲೆ ಒಂದು ಸಣ್ಣ ದನಿ, ಅಳುವೂ ಅಲ್ಲ, ಬಾಗಿಲ ತಿರುಗಣಿ ಕಿರುಗುಟ್ಟಿದಂತೆ. ಬಂತು ಬಂತು ಅಂದಳು ಅವ್ವ. ಎದೆಯಲ್ಲಿ ತೂತಿದೆ ಅಂದರು ದವಾಖಾನೆಯಲ್ಲಿ, ದೊಡ್ಡೂರಿಗೆ ಒಯ್ದರೂ ಉಳಿಯುವುದು ಕಷ್ಟ, ಎತ್ತಿಕೊಂಡು ಮನೆಗೆ ಬಂದರು, ಎತ್ತಿಕೊಂಡರೆ ಭಾರವೇ ಇಲ್ಲ, ಕುಂಚಿಗೆಯದೇ ಭಾರ. ಹಾನಗಲ್ಲಿನಿಂದ ಅತ್ತೆ ಮುದಕವ್ವ ಐದೇಶಿಯ ಸಾಮಾನು ಕಟ್ಟಿಕೊಂಡು ಬಂದಿದ್ದಳು, ಕೂಸು ಹುಟ್ಟಿದ ಐದನೆಯ ದಿನ ಶೆಟಿಗೆವ್ವ ಬಂದು ಹಣೆಯ ಮೇಲೆ ಬರೆದುಹೋಗುತ್ತಾಳೆ, ಆಕೆ ಬರೆಯಲೆಂದು ತಲೆಯ ಹತ್ತಿರ ಒಂದು ಬಿಳಿ ಹಾಳೆ, ಒಂದು ಪೆನ್ನು ಇಡಬೇಕು, ಅದನ್ನೇ ಅವ್ವ ಊರ ಮಂದಿಯ ಮನೆಗಳಲ್ಲೆಲ್ಲ ತನ್ನ ಕೈಯಾರೆ ಇಟ್ಟು ಬಂದವಳು, ಯೇಸುವಿನ ಪ್ರಾರ್ಥನೆಗೆ ಹೋಗತೊಡಗಿದ ಮೇಲೂ ಇಡುತ್ತಿದ್ದವಳು, ತನ್ನ ಮನೆಯಲ್ಲಿ ಮಾತ್ರ ಬ್ಯಾಡ ಅಂದಳು. ನಮ್ಮ ಕೂಸಿಗೆ ಬಿಳಿ ಹಾಳಿ ಯಾಕ್ರಿ ಬೀಗತೀ, ತುಂಬ ಬರದದ್ದ ಇಡತೇನಿ. ಪುಸ್ತಕವನ್ನು ತಂದು ಕೂಸಿನ ದಿಂಬಿನ ಪಕ್ಕ ಇಟ್ಟಳು, ಕೂಸಿಗಿಂತ ಪುಸ್ತಕವೇ ದಪ್ಪ. ಬರದಾದ ಮ್ಯಾಲೆ ಶೆಟಿಗೆವ್ವ ಬಂದು ಎಲ್ಲಿ ಬರೀಬೇಕು ಅಂತ ಅತ್ತೆ ಸಿಟ್ಟಿಗೆದ್ದಳು, ಬಾಣಂತಿಯ ಎದುರಿಗೆ ಯಾಕೆ ಅಂತ ಸುಮ್ಮನಾದಳು. ಐದೇಶಿಯ ದಿನ ಬರಲೇ ಇಲ್ಲ. ಅದರ ಹಿಂದಿನ ದಿನ ಬೆಳಗ್ಗೆ, ಬಿಸಿಲು ಇನ್ನೂ ಕಿಟಕಿಯ ಕೆಳಗಿನ ಸರಳಿಗೆ ಬಂದಿರಲಿಲ್ಲ, ಹಾಲು ಬಾಯಲ್ಲೇ ಉಳಿಯಿತು, ನುಂಗಲಿಲ್ಲ. ಅವ್ವ ಮತ್ತೆ ಬಾಗಿ ಊದಿದಳು, ಊದಿದಳು, ಊದಿದಳು, ಸಣ್ಣಗೆ ಊದಬೇಕೆನ್ನುವವಳು ಜೋರಾಗಿ ಊದಿದಳು, ಸಾಕು ಬಿಡ್ರಿ ಅತ್ತೀ ಅಂತ ಗಂಡ ಫಕ್ಕೀರೇಶ ಅವಳ ಹೆಗಲು ಹಿಡಿದು ಎಬ್ಬಿಸಬೇಕಾಯಿತು. ಅವನೇ ಬಿಳಿ ಅರಿವೆಯಲ್ಲಿ ಸುತ್ತಿ ಒಯ್ದ. ಹಿಂದಿರುಗಿ ಬಂದವನ ಮೊಣಕಾಲಿನ ತನಕ ಕೆಂಪು ಮಣ್ಣಿತ್ತು.

ಅತ್ತೆ ತಾನು ತಂದಿದ್ದ ಹಾಳೆಯನ್ನು ಮಡಚಿ ಗಂಟಿನೊಳಗೆ ಇಡುತ್ತ ತನಗೆ ತಾನೇ ಎಂಬಂತೆ ಅಂದದ್ದು, ಕೆಟ್ಟ ಮನಸ್ಸಿನಿಂದಲ್ಲ, ಅವಳೂ ಅಳುತ್ತಲೇ ಇದ್ದಳು, ಹಣ್ಯಾಗ ಏನೂ ಬರೀದನ ಹೋತು ಕೂಸು. ಆ ಮಾತು ರಾಜಶ್ರೀಯ ಕಿವಿಗೆ ಬಿತ್ತು. ಏನೂ ಬರೆದಿಲ್ಲ. ಹೆಸರೂ ಇಲ್ಲ, ತೊಟ್ಟಿಲು ಹಾಕುವ ದಿನ ಇಡೋಣವೆಂದು ಎರಡು ಹೆಸರು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಳು, ಯಾವುದನ್ನೂ ಇಟ್ಟಿರಲಿಲ್ಲ, ಅವ್ವಾ ಅಲ್ಲಿ ಅದನ್ನ ಏನಂತ ಕರೀತಾರ, ಎಲ್ಲಾರನೂ ಹೆಸರು ಹಿಡದು ಕರೀತಾರಂತಲ್ಲ, ನನ್ನ ಕೂಸಿಗೆ ತನ್ನನ್ನ ಕರದಾರಂತ ಹೆಂಗ ಗೊತ್ತಾಗಬೇಕು, ಅದು ಅಲ್ಲೆಲ್ಲೋ ಒಂದ ಮೂಲ್ಯಾಗ ಮಲಗೇ ಇರತೈತಿ ಅವ್ವಾ — ಕೂಗಿ ಕೂಗಿ ಗಂಟಲು ಹರಿದಿತ್ತು, ಎದೆಯಲ್ಲಿ ಹಾಲು ಕಲ್ಲಾಗಿತ್ತು. ಅವ್ವ ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಬರದೈತಿ ಅಂದಳು. ಹೆಸರಿಲ್ಲದ ಕೂಸನ್ನ ದೇವರು ತನ್ನ ಹೆಸರಿಲೇ ಕರೀತಾನ, ಅದು ಓ ಅಂತೈತಿ. ಬರದೈತಿ ಮಗಳ, ಸುಮ್ನಾಗು. ಅದು ಓ ಅಂತೈತಿ. ಒಮ್ಮೆಯೂ ಬಾಯ್ತುಂಬ ಅಳದ ಕೂಸು ಓ ಅನ್ನುತ್ತದೆ ಎಂಬ ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಎದ್ದು ಕೂತಳು, ಗಂಜಿ ಕುಡಿದಳು, ಹಾನಗಲ್ಲಿಗೆ ಹೋದಳು, ಬದುಕಿದಳು. ಮತ್ತೆ ಮಕ್ಕಳಾಗಲಿಲ್ಲ. ಆದರೂ ಬದುಕಿದಳು. ಸಂಜೆ ಓಣಿಯ ತಾಯಂದಿರು ಬಾಗಿಲಲ್ಲಿ ನಿಂತು ಮಕ್ಕಳನ್ನು ಕರೆಯುವಾಗ ಎಲ್ಲಿಂದಲೋ ಓ ಎಂಬ ದನಿ ಬಂದರೆ ಬೇರೆ ಹೆಂಗಸಾಗಿದ್ದರೆ ಸಂಕಟಪಡುತ್ತಿದ್ದಳು, ರಾಜಶ್ರೀ ಒಲೆಯ ಮುಂದೆಯೇ ಸಣ್ಣಗೆ ನಗುತ್ತಿದ್ದಳು. ಸವಣೂರಿನ ಬಸ್ ನಿಲ್ದಾಣದಲ್ಲಿ ಒಮ್ಮೆ ಯಾರೋ ಕರೆದರು, ಕಬ್ಬಿನ ಹಾಲಿನ ಗಾಡಿಯ ಹಿಂದಿನಿಂದ ಒಬ್ಬ ಹುಡುಗ ಓ ಅಂದ, ಇದ್ದಿದ್ದರೆ ಅದೇ ವಯಸ್ಸು, ಅವಳು ತನ್ನ ಬಸ್ಸು ಹೋದದ್ದನ್ನೂ ನೋಡಲಿಲ್ಲ. ದೇವರು ಹೇಳಿದ್ದಾನೆ, ಬರೆದಿದೆ, ಇನ್ನೇನು.

ಈ ಮಾತನ್ನು ಹುಡುಕಲು ಹೋಗದಿದ್ದರೆ ಚೆನ್ನಾಗಿತ್ತು. ಅವ್ವ ಬಿದ್ದ ಮೇಲೆ, ಮಾತಾಡಿಸುತ್ತ ಇರಬೇಕಲ್ಲ, ನನ್ನನ್ನು ಬದುಕಿಸಿದ ವಾಕ್ಯವನ್ನು ನಿನಗೇ ಓದಿ ಹೇಳುತ್ತೇನೆ ಅಂತ ಪುಸ್ತಕ ತೆಗೆದಳು, ಎಲ್ಲಿದೆ ಅಂತ ಗೊತ್ತಿಲ್ಲ, ಆದರೇನು, ಅವ್ವನ ಕೆಂಪು ಬೆರಳು ತೋರಿಸುತ್ತದಲ್ಲ, ಒಂದೊಂದೇ ಗುರುತು ನೋಡುತ್ತ ಹೋದಳು, ಇಲ್ಲಿ ಕುರುಬ ಇದ್ದಾನೆ, ಇಲ್ಲಿ ಬಾವಿಯ ಹತ್ತಿರದ ಹೆಂಗಸು, ಇಲ್ಲಿ ಕಣ್ಣೀರು ಒರೆಸುವವನು, ಸೀನಿದಳು, ಮತ್ತೆ ನೋಡಿದಳು, ಎಲ್ಲ ಗುರುತೂ ಮುಗಿದವು. ಗುರುತಿಲ್ಲದ ಹಾಳೆಗಳಲ್ಲೂ ಹುಡುಕಿದಳು, ಹತ್ತನೆಯ ತರಗತಿಯ ತನಕ ಓದಿದವಳ ಕಣ್ಣಿಗೆ ಆ ಸಣ್ಣ ಅಕ್ಷರ ಎಷ್ಟು ಹತ್ತಬೇಕು. ಕೊನೆಗೆ ಪಾಸ್ಟರ್ ಪ್ರಶಾಂತರನ್ನು ಕೇಳಿದಳು, ಸರ, ಈ ವಾಕ್ಯ ಎಲ್ಲೈತ್ರಿ. ಅವರು ಮೊಬೈಲಿನಲ್ಲಿ ಕೂಸು ಅಂತ ಹಾಕಿ ನೋಡಿದರು, ಶಿಶು ಅಂತ ಹಾಕಿ ನೋಡಿದರು, ಹೆಸರು ಅಂತ ಹಾಕಿ ನೋಡಿದರು, ಮನೀಗೆ ಹೋಗಿ ಸಾವಕಾಶ ನೋಡತೇನ್ರಿ ಅಕ್ಕಾ ಅಂದರು, ಮರುದಿನ ಬೈಕು ಹೊರಗೆ ನಿಂತಾಗಲೇ ಅವಳಿಗೆ ಗೊತ್ತಾಯಿತು, ಫೋನಿನಲ್ಲಿ ಹೇಳಬಹುದಾದ್ದನ್ನು ಹೇಳಲು ಮನುಷ್ಯ ಬಿಸಿಲಲ್ಲಿ ಬಂದಿದ್ದಾನೆಂದರೆ ಅದು ಒಳ್ಳೆಯ ಸುದ್ದಿಯಲ್ಲ. ಇಲ್ರಿ ಅಕ್ಕಾ. ಹತ್ತಿರ ಹತ್ತಿರ ಇದ್ದದ್ದು ಐತಿ, ಹೊಟ್ಟ್ಯಾಗ ಇದ್ದಾಗಲೇ ಗುರುತು ಹಿಡದಾನ ಅನ್ನೋದೈತಿ, ಮರಿಗಳನ್ನ ಎದಿಗೆ ಅವಚಿಕೊಳ್ಳತಾನ ಅನ್ನೋದೈತಿ, ಓದಿ ಹೇಳಲೇನ್ರಿ. ಬ್ಯಾಡ್ರಿ ಅಂದಳು, ಹಸಿದವಳಿಗೆ ಪಕ್ಕದ ಮನೆಯ ಊಟದ ವಾಸನೆ ತೋರಿಸಿದಂತಾಯಿತು. ಆದ್ರ ಸರ, ನಮ್ಮವ್ವಗ ದೇವರ ಹೇಳಿರಬಹುದಲ್ರಿ, ಕುರಿ ಕಾಯೋರಿಗೆ ಊದಿದಾಂವ ಸೂಲಗಿತ್ತಿಗೆ ಯಾಕ ಊದಬಾರ್ದು. ಅವರು ಟೊಪ್ಪಿಗೆಯನ್ನು ಮೊಣಕಾಲಿನ ಮೇಲಿಟ್ಟರು. ಹೌದಂತ ಹೇಳಾಕ ನನಗೂ ಆಸೇನ ಐತ್ರಿ ಅಕ್ಕಾ, ನಿಮ್ಮ ಮಾರಿ ನೋಡಿದ್ರ ಹೇಳಿಬಿಡಬೇಕು ಅನಸ್ತೈತಿ, ಆದ್ರ ಇವತ್ತ ಇದಕ್ಕ ಹೌದು ಅಂದ್ರ ನಾಳೆ ಇನ್ನೊಬ್ಬಾಂವ ಬಂದು ನನಗೂ ದೇವರು ಹೇಳ್ಯಾನ, ನಿನ್ನ ಹೆಂಡ್ತಿಗೆ ಔಷಧ ಕೊಡಸಬ್ಯಾಡ ಅಂತ ಹೇಳ್ಯಾನ ಅಂದ್ರ ನಾ ಏನ ಹೇಳ್ಲಿ, ಅದಕ್ಕಂತ ಆ ಪುಸ್ತಕಕ್ಕ ಬಾಗಲ ಹಾಕ್ಯಾರ, ಅದರಾಗ ಇದ್ದದ್ದು ದೇವರ ಉಸುರು, ಹೊರಗಿಂದು ನಮ್ಮ ನಮ್ಮ ಉಸುರು, ಒಳ್ಳೇದಿರಬಹುದು, ಆದ್ರ ನಮ್ಮದು. ಸರಿ ಇದೆ ಅವರು ಹೇಳಿದ್ದು, ಅದೇ ಸಂಕಟ, ತಪ್ಪಾಗಿದ್ದರೆ ಜಗಳಾಡಬಹುದಿತ್ತು. ತಮ್ಮ ಪರಮೇಶ ಹೊರಗಿನ ಕಟ್ಟೆಯಿಂದ ಎಲ್ಲ ಕೇಳಿಸಿಕೊಂಡಿದ್ದ, ಅವನು ಬುದ್ಧನ ಕಡೆ ಹೋಗಿ ವರ್ಷಗಳಾದವು, ಗೋಡೆಯ ಮೇಲೆ ಬುದ್ಧನ ಪಟ ಒಂದು ಕಡೆ, ಅವ್ವನ ಶಿಲುಬೆ ಒಂದು ಕಡೆ, ನಡುವೆ ಕ್ಯಾಲೆಂಡರ್, ಮೂವರಿಗೂ ಎಂದೂ ಜಗಳವಾಗಿದ್ದಿಲ್ಲ. ಅಕ್ಕಾ, ಅವ್ವ ಹೇಳಿದ್ದು ಅಂದ್ರ ಸಾಕಾಗಂಗಿಲ್ಲೇನು ನಿನಗ, ಅದಕ್ಕ ದೇವರ ಸಹಿ ಯಾಕ ಬೇಕು. ಅವನಿಗೆ ಹೇಗೆ ಹೇಳುವುದು. ಅವ್ವ ಹೇಳಿದ್ದಾದರೆ ಅದು ಆಸೆ. ದೇವರು ಹೇಳಿದ್ದಾದರೆ ಅದು ನಡೆದ ಸಂಗತಿ, ಅಲ್ಲಿ ಎಲ್ಲೋ ನಿಜವಾಗಿ ಒಂದು ಕೂಸು ಓ ಅಂದಿದೆ. ಅವ್ವ ಹೇಳಿದ್ದಾದರೆ ಯಾರೂ ಕರೆದಿಲ್ಲ, ಯಾರೂ ಓ ಅಂದಿಲ್ಲ, ಆ ಅರಿವೆ, ಆ ಕೆಂಪು ಮಣ್ಣು, ಅಷ್ಟೆ.

ಅವ್ವ ಸುಳ್ಳು ಹೇಳಿದಳೇ. ನಿನ್ನೆಯಿಂದ ರಾಜಶ್ರೀ ಅದನ್ನೇ ಮಸೆಯುತ್ತಿದ್ದಾಳೆ, ಗಂಜಿ ಕುಡಿಸುವಾಗ ಚಮಚ ಹಲ್ಲಿಗೆ ತಾಗಿಸಿದಳು, ಬೇಕೆಂದೇ ತಾಗಿಸಿದೆನೇನೋ ಅಂತ ಆಮೇಲೆ ಹೊರಗೆ ಹೋಗಿ ಅತ್ತಳು. ಸುಳ್ಳಲ್ಲ, ಸುಳ್ಳು ಹೇಳುವವಳಲ್ಲ. ಅವತ್ತು ಅಂದದ್ದೇನು, ಸರಿಯಾಗಿ ನೆನಪಿಸಿಕೋ, ತೊಡೆಯ ಮೇಲೆ ತಲೆ, ಸೀರೆಗೆ ಎಣ್ಣೆ ಬೆಲ್ಲದ ವಾಸನೆ, ಬರದೈತಿ ಅಂದಳು, ಪುಸ್ತಕದಾಗ ಬರದೈತಿ ಅಂದಳೇ — ಇಲ್ಲ. ಬರದೈತಿ, ಅಷ್ಟೆ. ಎಲ್ಲಿ ಅನ್ನಲಿಲ್ಲ, ಯಾರು ಅನ್ನಲಿಲ್ಲ. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು, ಕೇಳಿದವಳು ತಾನೇ ಅದನ್ನು ಪುಸ್ತಕಕ್ಕೆ ಸೇರಿಸಿಕೊಂಡಳು. ಆದರೆ ಬರದೈತಿ ಎಂಬುದು ಚೌಡವ್ವನ ಬಾಯಲ್ಲಿ ದಿನಕ್ಕೆಷ್ಟು ಸಲ, ಯಾರದೋ ಮನೆಯಲ್ಲಿ ನಾಲ್ಕನೆಯದೂ ಹೆಣ್ಣಾದರೆ ಬರದೈತಿ ಬಿಡವ್ವ, ರಾಣಿ ಆಗತಾಳ, ಅಪ್ಪ ಮಾರೆಪ್ಪ ಹೋದಾಗ ತಲೆ ತಲೆ ಬಡಿದುಕೊಂಡು ಬರದಿತ್ತು ಬರದಿತ್ತು, ಶೆಟಿಗೆವ್ವನ ಹಾಳೆ ಇಟ್ಟಿಟ್ಟು ಅಭ್ಯಾಸವಾದ ನಾಲಿಗೆ, ಅವಳ ಮಟ್ಟಿಗೆ ಹಣೆ ಎಲ್ಲಿ ಮುಗಿದು ಪುಸ್ತಕ ಎಲ್ಲಿ ಸುರುವಾಗುತ್ತದೋ ಯಾರು ಬಲ್ಲರು, ಎರಡನ್ನೂ ಓದಲು ಬಾರದವಳು. ಅತ್ತೆ ಏನೂ ಬರೀದನ ಹೋತು ಅಂದದ್ದಕ್ಕೆ ಇವಳು ಬರದೈತಿ ಅಂದಳು, ಇಬ್ಬರು ಮುದುಕಿಯರ ಒಂದು ಮಾತು, ನಡುವೆ ಬಾಣಂತಿ ಅದನ್ನು ದೇವರ ಬಾಯಿಗೆ ಒಯ್ದು ಇಟ್ಟಳು. ಅಲ್ಲದೆ, ಇಷ್ಟು ವರ್ಷ ಕಿವಿಗೆ ಬೀಳಲಿಲ್ಲವೇ, ಆ ಪುಸ್ತಕದ ದೇವರು ಕರೆಯುವನು, ಇರುವನು, ಕೊಡುವನು ಅನ್ನುವವನು, ಅಚ್ಚಿನ ದೇವರು, ಇದೊಂದು ಮಾತಿನಲ್ಲಿ ಮಾತ್ರ ಕರೀತಾನ, ಅಂತೈತಿ, ಬಂಕಾಪುರದ ಓಣಿಯ ದೇವರು. ಮತ್ತೆ ಆ ಬಟ್ಟು. ಎಲ್ಲದಕ್ಕೂ ಬಟ್ಟು ಇಡಿಸಿಕೊಂಡವಳು ಆ ಮಾತಿಗೆ ಒಮ್ಮೆಯೂ ಇಡಸು ಅನ್ನಲಿಲ್ಲ, ಇಡಿಸಬೇಕಾದವಳು ತಾನೂ ಎಲ್ಲೈತವ್ವ ಅಂತ ಒಮ್ಮೆಯೂ ಕೇಳಲಿಲ್ಲ. ಗೊತ್ತಿತ್ತೇ ಅವ್ವಗೆ. ಗೊತ್ತಿದ್ದೇ ಇಷ್ಟು ವರ್ಷ ಬೆರಳು ಹಿಂದಕ್ಕೆ ಇಟ್ಟುಕೊಂಡಳೇ. ತನಗೂ ಗೊತ್ತಿತ್ತೇ.

ಬೈಕು. ಬಂದರು, ಒಳಗ ಬರ್ರಿ, ಕುಂತ್ರಿ, ಪರಮೇಶ ಕುರ್ಚಿ ಎಳ್ಯೋ, ನೇತ್ರಾ ಮಗ್ಗುಲು ಬಾಗಿಲಿನಿಂದ ತಲೆಗೆ ಸೆರಗು ಹೊದ್ದುಕೊಂಡು ಬಂದಳು, ಹೆದ್ದಾರಿಯಲ್ಲಿ ಯಾವುದೋ ಲಾರಿ ಉದ್ದಕ್ಕೆ ಹಾರ್ನ್ ಹಾಕಿಕೊಂಡು ಹೋಯಿತು, ಅದು ಮುಗಿಯುವ ತನಕ ಪಾಸ್ಟರು ಕಾದರು, ಪ್ರಾರ್ಥಿಸಿದರು, ಅವರ ಪ್ರಾರ್ಥನೆಯಲ್ಲಿ ಅವ್ವನ ಹೆಸರು, ತನ್ನ ಹೆಸರು, ನಿನ್ನ ಮಗಳನ್ನು ಸಂತೈಸು ಅಂದರು. ಓದ್ರಿ ರಾಜಕ್ಕಾ. ದಿಂಬಿನ ಪಕ್ಕದಿಂದ ಪುಸ್ತಕ ಎತ್ತಿಕೊಂಡಳು, ಕೀರ್ತನೆ ಸಿಕ್ಕಿತು, ಓದಿದಳು, ತನ್ನ ದನಿ ತನಗೇ ದೂರದಿಂದ ಬರುವಂತಿತ್ತು, ಅವ್ವನ ಎಡಗಣ್ಣು ತನ್ನ ಮೇಲೆಯೇ, ಆ ಕಣ್ಣು ಏನೋ ಕೇಳುತ್ತಿದೆ, ಗಂಜಿಯಲ್ಲ, ನೀರಲ್ಲ, ಏನವ್ವ, ಕೀರ್ತನೆ ಮುಗಿಯಿತು, ಕೊನೆಯ ಸಾಲು ಮುಗಿಯಿತು, ನಿಲ್ಲಿಸಬೇಕು, ಪಾಸ್ಟರು ಆಮೆನ್ ಅನ್ನಲು ಬಾಯಿ ತೆರೆದರು — ಹೆಸರಿಲ್ಲದ ಶಿಶುವನ್ನು ದೇವರು ತನ್ನ ಹೆಸರಿನಿಂದಲೇ ಕರೆಯುವನು, ಅದು ಓ ಎನ್ನುವುದು. ಯಾರು ಓದಿದ್ದು. ತಾನೇ. ಕಣ್ಣು ಹಾಳೆಯ ಮೇಲೆ, ದನಿ ಅದೇ ಓದುವ ದನಿ, ಮಾತು ಅಚ್ಚಿನ ಮಾತು, ಕೂಸನ್ನು ಶಿಶು ಮಾಡಿ, ಕರೀತಾನವನ್ನು ಕರೆಯುವನು ಮಾಡಿ, ಎಷ್ಟು ಸಲೀಸಾಗಿ ಬಂತು, ಬಾಯಿಂದ ಹೊರಬಿದ್ದ ಮೇಲೆಯೇ ತನಗೂ ತಿಳಿದದ್ದು. ಪಾಸ್ಟರ ಬಾಯಿ ತೆರೆದದ್ದು ಹಾಗೇ ಉಳಿಯಿತು, ಆಮೆನ್ ಬರಲಿಲ್ಲ. ಪರಮೇಶ ತಲೆ ತಗ್ಗಿಸಿದ. ಏನೂ ತಿಳಿಯದ ನೇತ್ರಾ ಒಬ್ಬಳೇ ಎಷ್ಟ ಚಂದದ ವಾಕ್ಯ ಅಂತ ಮೂಗು ಒರೆಸಿಕೊಂಡಳು.

ಅವ್ವನ ಮುಖ. ಸತ್ತ ಅರ್ಧ ಹಾಗೇ ಇದೆ, ಜೀವ ಇರುವ ಅರ್ಧ ಸಡಿಲವಾಗುತ್ತಿದೆ, ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿದೆ, ಗಂಟಲಿನಿಂದ ಒಂದು ದನಿ, ಇದು ನವಿಲಲ್ಲ, ಕಫವಲ್ಲ, ಓ ಎಂದಷ್ಟೇ ಕೇಳುವ ಒಂದು ದನಿ, ಕೌದಿಯ ಕೆಳಗಿನಿಂದ ಎಡಗೈ ಹೊರಬಂತು, ನಡುಗುತ್ತ ಪುಸ್ತಕದ ಕಡೆಗೆ ಚಾಚಿತು, ತೋರುಬೆರಳು ಮುಂದೆ. ಎಲ್ಲೈತಿ ಅದು. ಅಯ್ಯೋ ಅವ್ವಾ. ನಿನಗೂ ಗೊತ್ತಿರಲಿಲ್ಲವೇ, ಅವತ್ತು ಮಗಳ ಗಂಟಲು ಹರಿಯುವುದನ್ನು ನೋಡಲಾರದೆ ಎಲ್ಲಿಂದಲೋ ಬಂದದ್ದನ್ನು ಅಂದುಬಿಟ್ಟು, ಅದು ಇದೆಯೋ ಇಲ್ಲವೋ ಅಂತ ಕೇಳಲಾರದೆ, ಇಲ್ಲ ಅಂದಾರೆಂದು ಹೆದರಿ, ಇಷ್ಟೂ ವರ್ಷ ಬೆರಳು ಮಡಚಿಕೊಂಡು ಕೂತಿದ್ದೆಯಾ, ಓದಲು ಬರುವ ಮಗಳು ಇವತ್ತು ಪುಸ್ತಕ ನೋಡಿ ಓದಿದಳು, ಐತಿ ಹಂಗಾರ, ಬರದೈತಿ ಹಂಗಾರ. ಬೆರಳು ಗಾಳಿಯಲ್ಲಿ ಕಾಯುತ್ತಿದೆ. ಕೀರ್ತನೆಯ ಕೆಳಗೆ ಬಿಳಿ ಜಾಗ ಇದೆ, ಅಲ್ಲಿಟ್ಟರೆ ಸುಳ್ಳಾಗುವುದಿಲ್ಲ, ಆದರೆ ಓದಲು ಬಾರದಿದ್ದರೂ ಬಿಳಿ ಯಾವುದು ಬರೆದದ್ದು ಯಾವುದು ಅಂತ ಅವ್ವನಿಗೆ ಗೊತ್ತು, ಬರೆದಿರುವಲ್ಲೇ ಇಡಬೇಕು. ಬೆರಳು ಹಿಡಿಯಲು ಒಂದು ಕೈ ಬಿಟ್ಟಾಗ ಪುಸ್ತಕ ವಾಲಿತು, ಕೆಳಗಿನಿಂದ ಇನ್ನೊಂದು ಕೈ ಬಂದು ಅದನ್ನು ಹಿಡಿಯಿತು, ಪಾಸ್ಟರದು, ಅವರು ಯಾರ ಮುಖವನ್ನೂ ನೋಡಲಿಲ್ಲ, ಬೀಳದಂತೆ ಹಿಡಿದರು ಅಷ್ಟೆ. ರಾಜಶ್ರೀ ಅವ್ವನ ಬೆರಳು ಹಿಡಿದಳು, ಎಷ್ಟು ಹಗುರ, ಒಂದು ಸಾಲಿನ ಮೇಲೆ ಇಟ್ಟಳು, ಯಾವ ಸಾಲೆಂದು ನೋಡಲಿಲ್ಲ. ಅವ್ವ ಕಣ್ಣು ಮುಚ್ಚಿದಳು. ಅವಳಿಗೆ ಸಿಕ್ಕಿತು. ತನಗೆ ಇನ್ನೆಂದೂ ಸಿಗಲಾರದು, ನಿನ್ನೆಯ ತನಕ ದೇವರು ಅವ್ವನೊಳಗೆ ಊದಿದ್ದಿರಬಹುದು ಅಂತ ಒಂದು ಎಳೆಯಾದರೂ ಇತ್ತು, ಇಂಥ ಮಾತು ಹೇಗೆ ಬರುತ್ತದೆ ಅಂತ ಈಗ ತನ್ನ ಬಾಯಿಗೇ ಗೊತ್ತಾಗಿಹೋಯಿತು, ಯಾರೂ ಊದಲಿಲ್ಲ, ನೋಡಲಾರದೆ ಬಂತು, ಅಷ್ಟೆ, ಹಾಗಾದರೆ ಅಲ್ಲಿ ಯಾರೂ ಕರೆದಿಲ್ಲ, ಹಾಗಾದರೆ ಮಗನೇ, ಮಗನೇ — ಬೆರಳು ಒತ್ತಿತು. ಬಿಳಿಚಿದ ಉಗುರು, ಅದರ ಕೆಳಗೆ ಯಾವುದೋ ಸಾಲು, ಒತ್ತಿ ಹಿಡಿದ ಬಟ್ಟು, ಬಿಸಿ ಬಟ್ಟು.